ಜೂನ್‌ದಾಗ ಎಲ್‌ಕೆಜಿ: ಮನ್ಯಾಗ ಏನು ಮಾಡಿಸಬೇಕು? ಅನುಭವ ಇದ್ದವರು ಹೇಳ್ರಿ

ಕೇಳಿದವರು: ನವನಗರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೇ ತಿಂಗಳಿಗೆ ನಾಲ್ಕು ತುಂಬತಾವ, ಜೂನ್‌ದಾಗ ಎಲ್‌ಕೆಜಿಗೆ ಹಾಕೋರದೀವಿ. ನಾವಿಬ್ಬರೂ ನೌಕರಿಗೆ ಹೋಗವ್ರು, ಹಗಲೆಲ್ಲ ಅತ್ತಿಯವರ ಹತ್ರ ಇರತಾಳ. ಬಾಜೂ ಮನಿ ಹುಡುಗ ಇಕಿ ವಾರಿಗಿಯವನ, ಆಗಲೇ ನೂರರ ತನಕ ಹೇಳ್ತಾನ, ಎಬಿಸಿಡಿ ಬರೀತಾನ. ಇಕಿಗೆ ಪೆನ್ಸಿಲ್ ಕೊಟ್ರ ಗ್ವಾಡಿ ಮ್ಯಾಲೆ ಗೀಚತಾಳ. ಈಗಿಂದಾನ ಟ್ಯೂಷನ್ ಹಚ್ಚರಿ ಅಂತ ಓಣ್ಯಾಗಿನವರು ಅನ್ನಾಕತ್ತಾರ, ನನ್ನ ಮನಸ್ಸು ಒಪ್ಪವಲ್ದು. ಬೆಳಿಗ್ಗೆ ಅರ್ಧ ತಾಸು, ಸಂಜಿಕೆ ಒಂದು ತಾಸು ಸಿಗತೈತಿ ನನಗ. ಮನಿಗೆಲಸ ಮಾಡ್ತಾ ಮಾಡ್ತಾನ ಏನರ ಕಲಿಸಾಕ ಬರತೈತೇನ್ರಿ?

ಅಂಗನವಾಡಿ ಕಾರ್ಯಕರ್ತೆ, ವಿಜಯಪುರ ಜಿಲ್ಲೆ

ಟ್ಯೂಷನ್ ರೊಕ್ಕ ಉಳಿಸ್ರಿ ತಂಗಿ. ಮೂರರಿಂದ ಆರು ವರ್ಷದ ಮಕ್ಕಳ ನಡುವ ಭಾಳ ವರ್ಷದಿಂದ ಕುಂತಾಕಿ ನಾನು, ಅದಕ್ಕ ಹೇಳ್ತೀನಿ. ನೂರರ ತನಕ ಒದರೋ ಮಕ್ಕಳು ನಮ್ಮಲ್ಲೂ ಬರತಾವ. "ಐದು ಮಂದಿ ಊಟಕ್ಕ ಕುಂತಾರ, ಐದು ತಾಟು ತಾ" ಅಂದ್ರ ಕೈಗೆ ಸಿಕ್ಕಷ್ಟು ಹೊತಗೊಂಡು ಬಂದು ನಿಂದರತಾವ. ಒಬ್ಬೊಬ್ಬರ ಮುಂದ ಒಂದೊಂದು ತಾಟು ಇಟಗೋತ ಹೋದಾಗ ಐದು ಅಂದ್ರ ಎಷ್ಟು ಅನ್ನೋದು ತಿಳೀತೈತಿ. ರಾತ್ರಿ ಊಟಕ್ಕ ತಾಟು ಹಚ್ಚೋ ಕೆಲಸ ಪೂರಾ ಅಕಿಗೇ ಬಿಟ್ಟುಬಿಡ್ರಿ. ಅಜ್ಜ ಊರಿಗೆ ಹೋಗ್ಯಾರ, ಇವತ್ತ ಎಷ್ಟು ತಾಟು ಸಾಕು? ಬೀಗರು ಇಬ್ಬರು ಬಂದಾರ, ಇನ್ನ ಎಷ್ಟು ತರಬೇಕು? ಕೂಡೋದು ಕಳಿಯೋದು ಅಂದ್ರ ಇದ ನೋಡ್ರಿ.

ಇನ್ನ ಬರಿಯೋದು. ಪೆನ್ಸಿಲ್ ಹಿಡಿಯೋದು ಹೆಬ್ಬಟ್ಟು, ತೋರಬೆರಳು, ನಡುಬೆರಳು. ಈ ಮೂರರಾಗ ಕಸುವು ಇನ್ನೂ ಬಂದಿರಂಗಿಲ್ಲ, ಅಷ್ಟರಾಗ ಅಕ್ಷರ ತಿದ್ದಸಾಕ ಕುಂದರಸಿದ್ರ ಕೂಸು ಪೆನ್ಸಿಲ್ ಮುಷ್ಟಿ ಕಟ್ಟಿ ಹಿಡೀತೈತಿ, ಹಾಳಿ ಹರೀತೈತಿ, ಆಮ್ಯಾಲ ಪಾಟಿ ಪುಸ್ತಕ ಕಂಡ್ರ ಅಳ್ತೈತಿ. ಅತ್ತಿಯವರು ಹಿಂಡಿಗೆ ಶೇಂಗಾ ಒಡಿಯುವಾಗ ಒಂದು ಬೊಗಸಿ ಅಕಿ ಮುಂದೂ ಸುರುವ್ರಿ. ಕಾಯಿ ತುದಿಗೆ ಹೆಬ್ಬಟ್ಟು ಒತ್ತಿದ್ರ ಟಕ್ ಅಂತ ಬಾಯಿ ಬಿಡತೈತಿ, ಆ ಜಾಗಾ ಹುಡುಕೋದರಾಗ ಮಕ್ಕಳಿಗೆ ಭಾಳ ಮಜಾ. ಮೊದಮೊದಲು ಹಲ್ಲಿಂದ ಕಡೀತಾವ, ಆಮ್ಯಾಲ ಬೆರಳಿಗೆ ರೂಢಿ ಆಗತೈತಿ. ಕಾಳು ಬಾಯಾಗ ಹಾಕ್ಕೊಂಡು ಓಡಾಡಾಕ ಮಾತ್ರ ಬಿಡಬ್ಯಾಡ್ರಿ, ಗಂಟಲದಾಗ ಸಿಕ್ಕೊಂಡ್ರ ಕಠಿಣ. ಹಂಗಾಮದಾಗ ತೊಗರಿಕಾಯಿ, ಬಟಾಣಿ ಸುಲಿಯಾಕ ಕೊಟ್ರೂ ಇದ ಕೆಲಸ.

ಮಣ್ಣೆತ್ತಿನ ಅಮಾಸಿ ಬರೋದು ಸಾಲಿ ಸುರು ಆದ ಮ್ಯಾಲೆ. ಆದ್ರ ಮಣ್ಣು ಮುಟ್ಟಾಕ ಅಮಾಸಿ ಯಾಕ ಕಾಯಬೇಕು? ಎರಿಮಣ್ಣು ಹದ ಮಾಡಿ ಕೊಡ್ರಿ. ಎತ್ತಿನ ಡುಬ್ಬ ತಗೀಬೇಕಂದ್ರ ಮೂರು ಬೆರಳಿಂದ ಚಿವುಟಿ ಮ್ಯಾಲೆ ಎಳೀಬೇಕು, ಕೋಡಿಗೆ ಮಣ್ಣು ಎರಡು ಬೆರಳಿನಾಗ ಹೊಸೀಬೇಕು, ಕಣ್ಣಿಗೆ ಜೋಳದ ಕಾಳು ಒತ್ತಬೇಕು. ಕಾಳು ಜಾರಿ ಬೀಳತೈತಿ, ಎತ್ತಿ ಮತ್ತ ಒತ್ತತಾವ. ಮತ್ತ ಬಿತ್ತು, ಮತ್ತ ಎತ್ತಿದ್ವು. ನಾಲ್ಕು ವರ್ಷದ್ದು ತುಟಿ ಕಚಗೊಂಡು ಎತ್ತಿಗೆ ಕಣ್ಣು ಕುಂದರಸೂದು ಒಮ್ಮೆ ನೋಡ್ರಿ, ಅಷ್ಟು ಹೊತ್ತು ಒಂದೇ ಕಡೆ ಕುಂತಿರತೈತಿ. ಒಂದನೆತ್ತೆ ಓದೋ ಹುಡುಗರೂ ಪುಸ್ತಕದ ಮುಂದ ಅಷ್ಟೊತ್ತು ಕುಂದರಂಗಿಲ್ಲ!

ಗ್ವಾಡಿ ಮ್ಯಾಲೆ ಗೀಚೋದಕ್ಕ ಬೈಬ್ಯಾಡ್ರಿ. ಕೈಗೆ ನಿಲುಕೋ ಎತ್ತರಕ್ಕ ಒಂದು ಕಡೆ ಕರಿ ಬಣ್ಣ ಹಚ್ಚಿ ಖಡು (ಸೀಮೆಸುಣ್ಣ) ಕೊಡ್ರಿ.

ಒಬ್ಬ ತಂದೆ, ಶಹಾಪುರ, ಬೆಳಗಾವಿ

ನಮ್ಮದು ಬೇರೆ ತಲೆನೋವು. ಮನೆಯಲ್ಲಿ ನಾನು ಕನ್ನಡ, ಹೆಂಡತಿ ಮರಾಠಿ, ಗಲ್ಲಿಯಲ್ಲಿ ಎರಡೂ ಕಲಸಿ, ಶಾಲೆ ಇಂಗ್ಲಿಷ್ ಮೀಡಿಯಂ. ನರ್ಸರಿಗೆ ಹಾಕೋ ಮುಂಚೆ ಎಲ್ಲರೂ "ಮನೆಯಲ್ಲಿ ಇಂಗ್ಲಿಷ್ ಶುರು ಮಾಡ್ರಿ" ಅಂದ್ರು. ನಾವು ಮಾಡಲಿಲ್ಲ. ನನಗೆ ಇಂಗ್ಲಿಷಿನಲ್ಲಿ ಬರೋದು "ಕಮ್, ಗೋ, ಸಿಟ್, ಡೋಂಟ್ ಟಚ್" ಇಷ್ಟೇ. ಅಷ್ಟರಲ್ಲಿ ಮಗನ ಜೊತೆ ಏನು ಹರಟೆ ಹೊಡೆಯೋದು? ಕನ್ನಡದಲ್ಲಾದರೆ ಗಣಪತಿ ವಿಸರ್ಜನೆ ಮೆರವಣಿಗೆ ಯಾಕೆ ಇಷ್ಟು ತಡ ಆಗ್ತದ ಅನ್ನೋದರಿಂದ ಹಿಡಿದು ಹಲ್ಲಿಯ ಬಾಲ ಯಾಕೆ ಕುಣೀತದ ಅನ್ನೋ ತನಕ ಮಾತಾಡ್ತೀವಿ. ಅವರಮ್ಮ ಕಥೆ ಹೇಳೋದು ಮರಾಠಿಯಲ್ಲೇ. ಈಗ ಯುಕೆಜಿ, ಮೂರೂ ಭಾಷೆ ಅವನವೇ.

ಶಾಲೆಯ ಭಾಷೆಯಲ್ಲಿ ಮಾತ್ರ ಮೂರು ವಾಕ್ಯ ಬಾಯಿಪಾಠ ಮಾಡಿಸಿದ್ವಿ: ಒಂದಕ್ಕೆ ಹೋಗಬೇಕು, ನೀರು ಬೇಕು, ಹೊಟ್ಟೆ ನೋಯ್ತದ. ಕೇಳಲಿಕ್ಕೆ ಬಾರದೆ ಮನೆ ಮುಟ್ಟೋ ತನಕ ತಡಕೊಂಡು ಬರೋ ಮಕ್ಕಳನ್ನು ನಮ್ಮ ಗಲ್ಲಿಯಲ್ಲೇ ನೋಡೀನಿ. ಇನ್ನೊಂದು, ಮನೆಯಲ್ಲಿ ಕಮೋಡ್ ಇದ್ದವರು ಶಾಲೆಯಲ್ಲಿ ಯಾವುದು ಅದ ಅಂತ ಮೊದಲೇ ನೋಡಿ ಬರ್ರಿ. ಕುಕ್ಕರಗಾಲಲ್ಲಿ ಕೂತು ರೂಢಿ ಇಲ್ಲದ ಮಗು ಗಾಬರಿ ಆಗ್ತದ.

ಟಿಫಿನ್ ಡಬ್ಬಿ ಹೊಸದು ತಂದ ದಿನವೇ ಅವನ ಕೈಯಿಂದ ತೆಗೆಸಿ ನೋಡ್ರಿ. ನಾವು ಚಂದ ಕಾಣ್ತದ ಅಂತ ಎರಡು ಕಡೆ ಕ್ಲಿಪ್ ಇರೋದು ತರ್ತೀವಿ, ಅದು ದೊಡ್ಡವರಿಗೇ ಬಿಚ್ಚಲಿಕ್ಕೆ ಬರೋದಿಲ್ಲ. ಬೇಸಿಗೆ ಪೂರಾ ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಹಾಕಿಕೊಟ್ರೆ ಎಲ್ಲ ರೂಢಿ ಆಗ್ತದ, ಚೆಲ್ಲಿದ್ದು ಒರೆಸೋದೂ ಸೇರಿ.

ನೇಕಾರರ ಮನಿಯಿಂದ, ಬನಹಟ್ಟಿ

ಬಣ್ಣ ಕಲಿಸಾಕ ಚಾರ್ಟ್ ಯಾಕ ಬೇಕ್ರಿ. ನಮ್ಮ ಹುಡುಗಿ ಉಳಿದ ನೂಲಿನ ತುಂಡು ಬಣ್ಣದ ಪ್ರಕಾರ ಬ್ಯಾರೆ ಬ್ಯಾರೆ ಮಾಡ್ತಾಳ. ಕಡುಗೆಂಪು ಒಂದು ಕಡೆ, ತಿಳಿಗೆಂಪು ಒಂದು ಕಡೆ. ಖಾಲಿ ಕಂಡಿಕಿ (ನೂಲು ಸುತ್ತೋ ಕೊಳವಿ) ಸಾಲಾಗಿ ಹಚ್ಚತಾಳ, ಉದ್ದಂದು ಗಿಡ್ಡಂದು, ಉದ್ದಂದು ಗಿಡ್ಡಂದು. "ಮುಂದ ಯಾವುದು ಬರತೈತಿ?" ಅಂತ ಕೇಳ್ತೀವಿ. ನಿಮ್ಮ ಮನ್ಯಾಗ ಸೀರಿ ಮಡಚುವಾಗ ದಡಿ ತೋರಿಸಿ ಹಂಗ ಕೇಳ್ರಿ. ಓಡೋ ಮಗ್ಗದ ಹತ್ರ ಮಾತ್ರ ಬಿಡಂಗಿಲ್ಲ ನಾವು.

ಒಬ್ಬ ತಾಯಿ, ಟಿಳಕವಾಡಿ, ಬೆಳಗಾವಿ

ಶೇಂಗಾ, ಮಣ್ಣು, ತಾಟು, ಎಲ್ಲ ಕೇಳ್ಲಿಕ್ಕೆ ಚಂದ. ಆದರೆ ನಮ್ಮ ಮಗಳ ಶಾಲೆಯಲ್ಲಿ ಎಲ್‌ಕೆಜಿ ಶುರುವಾದ ಕೂಡಲೇ ನಾಲ್ಕು ಗೆರೆಯ ನೋಟ್‌ಬುಕ್ಕು, ದಿನಾ ಹೋಂವರ್ಕು. ಬರೆಯದವರ ಡೈರಿಯಲ್ಲಿ ಕೆಂಪು ಶಾಯಿ. ಮನೆಯಲ್ಲಿ ಏನೂ ಬರೆಸದೆ ಕಳಿಸಿದರೆ ಅಳೋದು ನಮ್ಮ ಮಗುವೇ ತಾನೆ? ನಾವು ರಾತ್ರಿ ಊಟದ ಮುಂಚೆ ಒಂದು ಪುಟ ಬರೆಸಿಯೇ ಬಿಡ್ತಿದ್ವಿ. ಮತ್ತೆ ಕೆಲವು ಕಡೆ ಒಂದನೇ ತರಗತಿಗೆ ಮಗುವಿನ ಇಂಟರ್‌ವ್ಯೂ ಮಾಡ್ತಾರಂತೆ, ಅದಕ್ಕೇನು ಮಾಡೋದು?

ಪ್ರಾಥಮಿಕ ಶಾಲೆ ಶಿಕ್ಷಕ, ಬಾಗಲಕೋಟೆ ಜಿಲ್ಲೆ

ಟಿಳಕವಾಡಿ ಅಕ್ಕಾರ ಹೇಳಿದ್ದು ಸುಳ್ಳಲ್ಲ, ಹಂಗ ನಡೀತೈತಿ. ಆದರೆ ಶಾಲೆ ಅವಸರ ಮಾಡ್ತು ಅಂತ ಬೆರಳು ಲಗೂನ ಬಲಿಯೋದಿಲ್ಲ. ಪಾಲಕರ ಸಭೆಯಲ್ಲಿ ನಾಲ್ಕೈದು ಮಂದಿ ಕೂಡಿ "ಬರೆಯೋದು ಕಡಿಮೆ ಮಾಡ್ರಿ" ಅಂತ ಕೇಳ್ರಿ. ಒಬ್ಬರೇ ಕೇಳಿದರೆ ನಿಮ್ಮ ಮಗುವೇ ಹಿಂದೆ ಬಿದ್ದೈತಿ ಅನ್ನೋ ಉತ್ತರ ಬರತೈತಿ.

ಇಂಟರ್‌ವ್ಯೂ ವಿಚಾರ. ಶಿಕ್ಷಣ ಹಕ್ಕು ಕಾಯ್ದೆ 2009ರ 13ನೇ ಕಲಂ ಪ್ರಕಾರ ಒಂದನೇ ತರಗತಿಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆ ಮಾಡಿ ಆರಿಸುವಂಗಿಲ್ಲ. ಮಾಡಿದರೆ ಮೊದಲ ಸಲಕ್ಕೆ 25,000 ರೂಪಾಯಿ ತನಕ ದಂಡ. ಆ ಭಯಕ್ಕೆ ಮಗುವಿಗೆ ಪ್ರಶ್ನೋತ್ತರ ಉರು ಹೊಡೆಸಬ್ಯಾಡ್ರಿ.

ಅವಸರ ಯಾಕಿಲ್ಲ ಅಂದ್ರೆ, ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದ್ದರು. ಅಂದರೆ ಈಗ ನಾಲ್ಕು ತುಂಬೋ ಕೂಸಿಗೆ ಒಂದನೇ ತರಗತಿ ಇನ್ನೂ ಎರಡು ವರ್ಷ ದೂರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಮೂರರಿಂದ ಎಂಟು ವರ್ಷದ ತನಕ ಒಂದೇ ಬುನಾದಿ ಹಂತ.

ಅಕ್ಷರ ಕಲಿಸಲೇಬೇಕು ಅನ್ನಿಸಿದರೆ ಅವಳ ಹೆಸರಿನ ಮೊದಲ ಅಕ್ಷರದಿಂದ ಹಿಡೀರಿ. ಅ ಆ ಇ ಈ ಸಾಲಾಗಿಯೇ ಬರಬೇಕು ಅಂತೇನಿಲ್ಲ. ಸರಕಾರಿ ಶಾಲೆಯ ನಲಿ-ಕಲಿಯಲ್ಲಿ ನಾವು ರ, ಗ, ಸ, ದ, ಅ ಅಂತ ಶುರು ಮಾಡ್ತೀವಿ, ಆಕಾರದಲ್ಲಿ ಹತ್ತಿರ ಇದ್ದವನ್ನ ಕೂಡಿಸಿ. "ರ" ತಿರುವಿದ ಕೈಗೆ "ಸ" ಕಷ್ಟ ಆಗೋದಿಲ್ಲ. ಅದಕ್ಕೂ ಮುಂಚೆ ಕಿವಿಗೆ ಕೆಲಸ ಕೊಡ್ರಿ: ಸಂತಿಯಿಂದ ಬಂದು ಚೀಲ ಸುರುವಿದಾಗ "ಬ" ಅಂತ ಸುರು ಆಗೋ ಕಾಯಿಪಲ್ಯ ಯಾವುದು ತಗೀ ನೋಡೋಣ ಅನ್ರಿ. ಬದನಿಕಾಯಿ ಬರತೈತಿ, ಬೆಂಡಿಕಾಯಿ ಬರತೈತಿ, ಬಾಳೆಹಣ್ಣು ತಂದಿಟ್ಟು "ಇದು ಕಾಯಿಪಲ್ಯ ಹೌದೋ ಅಲ್ಲೋ" ಅಂತ ನಿಮ್ಮ ಜೊತಿಗೇ ಜಗಳಕ್ಕ ನಿಂದರತಾಳ. ಆ ಜಗಳ ಭಾಳ ಚಲೋ.

ನೀವಿರೋದು ನವನಗರ ಅಂದ್ರಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಮುಳುಗಿದ್ದಕ್ಕೆ ಕಟ್ಟಿದ ಊರದು, ಸೆಕ್ಟರ್ ನಂಬರಿನಿಂದಲೇ ವಿಳಾಸ. ಗಾಡಿ ಮ್ಯಾಲೆ ಹೋಗುವಾಗ ಬೋರ್ಡಿನ ಮೇಲಿನ ಸೆಕ್ಟರ್ ನಂಬರು ಓದಸ್ರಿ. ಅಂಕಿ ಗುರುತು ಹಿಡಿಯೋದು ತನ್ನಷ್ಟಕ್ಕ ಬರತೈತಿ.

ಒಂದು ಆರೋಗ್ಯದ ಮಾತು: ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಲಸಿಕೆಯ ಎರಡನೇ ಬೂಸ್ಟರ್ ಐದರಿಂದ ಆರು ವರ್ಷದೊಳಗೆ ಹಾಕಿಸಬೇಕು, ತಾಯಿ ಕಾರ್ಡ್ ತೆಗೆದು ನೋಡ್ರಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರತೈತಿ. ಟಿವಿಗೆ ಮೂಗು ಹಚ್ಚಿ ನೋಡೋ ಮಗು ಇದ್ದರೆ ಅವರಿಗೆ ಹೇಳ್ರಿ. ದಡ್ಡ ಅಂತ ಅನ್ನಿಸಿಕೊಂಡ ಎಷ್ಟೋ ಮಕ್ಕಳಿಗೆ ಬೋರ್ಡ್ ಕಾಣ್ತಿರೋದಿಲ್ಲ ಅಷ್ಟೇ.

ಕೇಳಿದವರು: ನವನಗರ, ಬಾಗಲಕೋಟೆ

ಎಲ್ಲರಿಗೂ ಭಾಳ ಉಪಕಾರ ಆತ್ರಿ. ತಾಟು ಹಚ್ಚೋದು ಇವತ್ತಿಂದಾನ ಸುರು. ಇನ್ನೊಂದು ಕೇಳೋದೈತಿ. ಅತ್ತಿಯವರು ರೊಟ್ಟಿ ಮಾಡುವಾಗ ಇಕಿ ಕಾಡತಾಳ ಅಂತ ಮೊಬೈಲ್ ಕೊಟ್ಟು ಕುಂದರಸ್ತಾರ, ಊಟಾನೂ ಮೊಬೈಲ್ ಮುಂದ. ಅವರಿಗೆ ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು, ದಿನಪೂರ್ತಿ ನೋಡಕೊಳ್ಳೋರು ಅವರ.

ಒಬ್ಬ ಆಯಿ, ಇಂಡಿ ತಾಲೂಕು (ಮೊಮ್ಮಗಳ ಕೈಲೆ ಬರೆಸಿದ್ದು)

ನಿಮ್ಮತ್ತಿಗೆ ಏನೂ ಅನಬ್ಯಾಡವ್ವಾ, ಮೈಯಾಗ ಕಸುವು ಇರಬೇಕಲ್ಲ ಅಕಿಗೂ. ಮೊಬೈಲ್ ಬ್ಯಾಡ ಅನ್ನೂದರ ಬದಲಿ ಕೂಸಿನ ಕೈಯಾಗ ಹಿಟ್ಟು ಕೊಡು ಅಂತ ಹೇಳು. ನಿಂಬಿಹಣ್ಣಿನಷ್ಟು ಜೋಳದ ಹಿಟ್ಟು ನಾದಿ ಕೊಟ್ಟು, ಒಲಿಗೆ ದೂರ ಒಂದು ತಾಟು ಬೋರಲ ಹಾಕಿ ಕುಂದರಸಬೇಕು. ಮ್ಯಾಲ ಒಣಹಿಟ್ಟು ಉದುರಿಸಿ ಅಂಗೈಲೆ ಬಡೀತದ, ಹರೀತದ, ಮತ್ತ ಉಂಡಿ ಮಾಡ್ತದ. ನಮ್ಮ ಮನ್ಯಾಗ ಸಣ್ಣವು ಮಾಡಿದ ರೊಟ್ಟಿ ಯಾವ ಆಕಾರ ಇದ್ರೂ ಹಂಚಿಗೆ ಹಾಕಿ ಸುಟ್ಟು ಅವರವರ ತಾಟಿಗೇ ಹಾಕ್ತಿದ್ನಿ. ತಾನು ಬಡಿದ ರೊಟ್ಟಿ ತಿನ್ಲಾಕ ಮೊಬೈಲ್ ಕೇಳಂಗಿಲ್ಲ.

ರಾತ್ರಿ ಕತಿ ಹೇಳುವಾಗ ಪೂರಾ ಹೇಳಬ್ಯಾಡ. ನರಿ ಬಾಂವಿ ದಂಡಿಗಿ ಬಂತು ಅಂದು ಸುಮ್ಮಾಗು. "ಮುಂದ?" ಅಂತದ. ನೀ ಹೇಳು ಅನ್ನು. ಒಮ್ಮೊಮ್ಮಿ ನರಿ ಬಸ್ ಹತ್ತಿ ವಿಜಯಪುರಕ್ಕ ಹೋಗ್ತದ, ಹೋಗ್ಲಿ.

ಮತ್ತ, ಸಾಲಿಗೆ ಬಿಟ್ಟು ಬರುವಾಗ ಕಣ್ಣು ತಪ್ಪಿಸಿ ಓಡಿ ಬರಬ್ಯಾಡ್ರಿ ಯಾರೂ. ಬಾಗಲಾಗ ನಿಂತು "ನಾ ಹೋಗ್ತೀನಿ, ಮಧ್ಯಾಹ್ನ ಆಯಿ ಬರ್ತಾಳ" ಅಂತ ಹೇಳ್ರಿ. ಅಳ್ತಾವ, ಅಕ್ಕೋರು ಸುಮ್ಮ ಮಾಡ್ತಾರ. ಈ ಬ್ಯಾಸಗಿಯಾಗ ಬಾಜೂ ಮನ್ಯಾಗ ಒಂದಿಷ್ಟು ಹೊತ್ತು ಬಿಟ್ಟು, ಹೇಳಿದ ಹೊತ್ತಿಗೆ ಹೋಗಿ ಕರಕೊಂಡು ಬರೂದು ರೂಢಿ ಮಾಡ್ರಿ. ಹೇಳಿದ ಹೊತ್ತು ಮಾತ್ರ ತಪ್ಪಬಾರದು.