ಪೆಟ್ಟಿಗೆಗೆ ತುಂಬುವ ಮುನ್ನ

ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದೆನಮ್ಮಾ. ಬರುವ ತಿಂಗಳಿಗೆ ನಿನ್ನ ಅಕ್ಕನ ಮಗಳು ತೀರಿಹೋಗಿ ವರ್ಷ ತುಂಬುತ್ತದೆ, ಅಂದು ಅಕ್ಕನ ಎದುರಿಗೆ ಆ ಮಗುವಿನ ಮಾತೆತ್ತಬಹುದೇ, ಇಲ್ಲವೇ ಅದಕ್ಕೂ ಮೊದಲೇ ಬಟ್ಟೆ, ಪುಸ್ತಕ, ಫೋಟೋಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಕಣ್ಣಿಗೆ ಬೀಳದ ಹಾಗೆ ಇಟ್ಟುಬಿಡುವುದು ಒಳ್ಳೆಯದೇ, ಮಗುವಿನ ತಮ್ಮ, ಆ ಚಿಕ್ಕವನು ‘ಅಕ್ಕ ಎಲ್ಲಿ’ ಎಂದರೆ ಏನು ಹೇಳಬೇಕು ಎಂದು ಕೇಳಿದ್ದೀಯೆ. ಈವರೆಗೆ ಹದಿನಾಲ್ಕು ಮಂದಿ ಕೈಮುಗಿದ ಚಿತ್ರ ಕಳುಹಿಸಿದ್ದಾರೆ, ಉತ್ತರವನ್ನು ಒಬ್ಬರೂ ಬರೆದಿಲ್ಲ. ನಾನು ನಾಲ್ಕು ಬಾರಿ ಧ್ವನಿಮುದ್ರಿಸಲು ಹೋದೆ, ನಾಲ್ಕು ಬಾರಿಯೂ ಗಂಟಲು ಕಟ್ಟಿತು. ಆದ್ದರಿಂದ ನಾನು ಹೇಳುತ್ತಾ ಹೋಗಿ ಮೊಮ್ಮಗನ ಕೈಯಲ್ಲಿ ಬರೆಸುತ್ತಿದ್ದೇನೆ. ಉದ್ದವಾಯಿತೆಂದು ಯಾರೂ ಅರ್ಧಕ್ಕೆ ಬಿಡಬೇಡಿ.

ಮಗುವಿನ ತಾಯಿಯನ್ನು ಕೇಳದೆ ಆ ಮನೆಯಿಂದ ಒಂದು ಗುಂಡಿಯನ್ನೂ ಎತ್ತಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎತ್ತಿದವರ ಮನೆಯಲ್ಲಿ ನಾನು ಬದುಕಿದ್ದೇನೆ.

ನನ್ನ ಹಿರಿಯ ಮಗನ ವಿಷಯ ದೊಡ್ಡವರಿಗೆಲ್ಲ ಗೊತ್ತಿರುವುದೇ, ಯಾವ ಜ್ವರ, ಎಷ್ಟು ದಿನ ಎಂಬುದನ್ನು ಮತ್ತೆ ಹೇಳುವುದಿಲ್ಲ. 1978ರಲ್ಲಿ ಹೋದಾಗ ಅವನಿಗೆ ಆರು ವರ್ಷ ಮೂರು ತಿಂಗಳು. ಆಮೇಲೆ ಹದಿನೈದು ದಿನ ನಾನು ತವರಿನಲ್ಲಿ ಮಲಗಿದ್ದೆ. ಮನೆಗೆ ಮರಳುವಷ್ಟರಲ್ಲಿ ಅವನ ಅಂಗಿ, ಚಡ್ಡಿ, ಸ್ಲೇಟು, ಚೀಲ, ಗೋಡೆಯ ಮೇಲಿದ್ದ ಒಂದೇ ಒಂದು ಫೋಟೋ, ಎಲ್ಲವೂ ಹೋಗಿದ್ದವು. ಅವನು ಮಲಗುತ್ತಿದ್ದ ಜಾಗಕ್ಕೆ ಬೀರುವನ್ನು ಸರಿಸಿ ಇಟ್ಟಿದ್ದರು. ಮಾಡಿದವರು ಕೆಟ್ಟವರಲ್ಲ, ನೋಡಿದರೆ ಅವಳಿಗೆ ಸಂಕಟವಾಗುತ್ತದೆ, ನೋಡದಿದ್ದರೆ ಮರೆಯುತ್ತಾಳೆ ಎಂದು ಪ್ರೀತಿಯಿಂದಲೇ ಮಾಡಿದರು. ಅವನ ಹೆಸರನ್ನೂ ಅಂದಿನಿಂದ ಯಾರೂ ಎತ್ತಲಿಲ್ಲ. ನಾನು ಹಿತ್ತಲಿನಲ್ಲಿ ಪಾತ್ರೆ ತೊಳೆಯುವಾಗ ನಲ್ಲಿಯನ್ನು ಜೋರಾಗಿ ಬಿಟ್ಟು, ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ ಆ ಮೂರಕ್ಷರವನ್ನು ಒಂದೆರಡು ಸಲ ಹೇಳಿಕೊಳ್ಳುತ್ತಿದ್ದೆ. ಮರೆತದ್ದು ನಿಜ, ಆದರೆ ದುಃಖವನ್ನಲ್ಲ. ಅವನ ಧ್ವನಿ ಮರೆತುಹೋಯಿತು. ಎಡಗಿವಿಯ ಹಿಂದಿದ್ದ ಮಚ್ಚೆ ನಿಜವಾಗಿಯೂ ಎಡಗಿವಿಯದೋ ಬಲಗಿವಿಯದೋ ಎಂಬುದು ಈಗ ನನಗೆ ಖಾತ್ರಿಯಿಲ್ಲ, ಕೇಳೋಣವೆಂದರೆ ಅದನ್ನು ನೋಡಿದ್ದವರು ಯಾರೂ ಉಳಿದಿಲ್ಲ.

ಉಳಿದದ್ದು ಒಂದು ಹಾಳೆ. ಹಳೆಯ ಪಂಚಾಂಗದೊಳಗೆ ಸಿಕ್ಕಿಕೊಂಡಿದ್ದರಿಂದ ಅದು ತಪ್ಪಿಸಿಕೊಂಡಿತು. ವರ್ಣಮಾಲೆಯನ್ನು ಕಾಪಿ ಬರೆದ ಹಾಳೆ ಅದು. ‘ಣ’ ಬರೆಯುವಾಗಲೆಲ್ಲ ಅವನು ಒಂದು ಸುಳಿಯನ್ನು ಹೆಚ್ಚಾಗಿಯೇ ಹಾಕುತ್ತಿದ್ದ, ನಾನು ತಿದ್ದಿದರೆ ‘ಚೆನ್ನಾಗಿ ಕಾಣುತ್ತದೆ, ಇರಲಿ’ ಎನ್ನುತ್ತಿದ್ದ. ಕೊನೆಯ ಸಾಲಿನಲ್ಲಿ ಸೀಸದ ಮೊನೆ ಮುರಿದು ಕಾಗದ ಹರಿದಿದೆ. ಆ ಹರಿದ ಜಾಗವನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದಷ್ಟು ಬಾರಿ ಯಾವ ಒಡವೆಯನ್ನೂ ಮುಟ್ಟಿಲ್ಲ.

ಇನ್ನು ಮಗಳ ವಿಷಯ. ಅವಳಿಗಾಗ ನಾಲ್ಕು ವರ್ಷ. ‘ಅಣ್ಣ ಮಲಗಿದ್ದಾನೆ’ ಎಂದು ಮೊದಲ ದಿನ ಯಾರೋ ಹೇಳಿದರು. ಅಂದಿನಿಂದ ಅವಳು ರಾತ್ರಿ ಕಣ್ಣು ಮುಚ್ಚಲು ಹೆದರತೊಡಗಿದಳು. ಮಲಗಿದವರು ವಾಪಸು ಬರುವುದಿಲ್ಲವೆಂದಾದರೆ ಯಾವ ಮಗು ತಾನೇ ಮಲಗೀತು? ಆಮೇಲೆ ಮಾತನ್ನು ಬದಲಿಸಿ ‘ದೂರದ ಊರಿಗೆ ಹೋಗಿದ್ದಾನೆ’ ಎಂದರು. ತನಗೆ ಹೇಳದೆ ಹೋದನೆಂದು ಅವನ ಮೇಲೆಯೇ ಸಿಟ್ಟು ಮಾಡಿಕೊಂಡಳು. ಇದೆಲ್ಲ ನನಗೆ ತಿಳಿದದ್ದು ಅವಳಿಗೆ ನಲವತ್ತಾದ ಮೇಲೆ. ಒಂದು ಸಂಜೆ ತಾನಾಗಿಯೇ ಹೇಳಿದಳು: ಜ್ವರ ಬರುವ ಹಿಂದಿನ ದಿನ ಪೆನ್ಸಿಲ್ಲಿಗಾಗಿ ಇಬ್ಬರೂ ಜಗಳವಾಡಿದ್ದರಂತೆ, ‘ನೀನು ಹೋಗು, ನೀನು ಬೇಡ’ ಎಂದು ಅವಳು ಕೂಗಿದ್ದಳಂತೆ, ಮರುದಿನವೇ ಅವನು ಹಾಸಿಗೆ ಹಿಡಿದನಂತೆ. ತನ್ನ ಮಾತಿನಿಂದಲೇ ಅಣ್ಣ ಹೋದನೆಂದು ಮೂವತ್ತಾರು ವರ್ಷ ಒಬ್ಬಳೇ ಹೊತ್ತುಕೊಂಡಿದ್ದಳು. ಆ ವಯಸ್ಸಿನ ಮಕ್ಕಳು ಹಾಗೆಯೇ ಯೋಚಿಸುತ್ತಾರೆ, ತಾವು ಅಂದುಕೊಂಡದ್ದೇ ನಡೆಯಿತೆಂದು ನಂಬುತ್ತಾರೆ. ಅವನ ಹೆಸರು ಮನೆಯಲ್ಲಿ ಓಡಾಡುತ್ತಿದ್ದಿದ್ದರೆ ಎಂದೋ ಒಂದು ದಿನ ಅವಳ ಬಾಯಿಂದ ಇದು ಹೊರಬರುತ್ತಿತ್ತು, ನಾನು ಅಂದೇ ಮಡಿಲಲ್ಲಿ ಕೂರಿಸಿಕೊಂಡು ‘ಅಲ್ಲ ಕಂದಾ’ ಎಂದು ಹೇಳುತ್ತಿದ್ದೆ.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಮುನಿದುಕೊಂಡರೂ ಚಿಂತೆಯಿಲ್ಲ: ತಾಯಿಯನ್ನು ಕೇಳದೆ ಏನನ್ನೂ ಎತ್ತಬೇಡಿ, ಹೆಸರನ್ನಂತೂ ಎತ್ತಿಡಲೇಬೇಡಿ. ಮಾತೆತ್ತಿದರೆ ಅವಳಿಗೆ ನೆನಪಾಗುತ್ತದೆ ಎನ್ನುತ್ತೀಯಲ್ಲ, ಅವಳಿಗೆ ಮರೆತದ್ದು ಯಾವಾಗ? ನಿನ್ನ ಮಾತಿನಿಂದ ಅವಳು ಅತ್ತರೆ, ಒಳಗೇ ಇದ್ದ ಅಳು ಒಬ್ಬರ ಎದುರಿಗೆ ಹೊರಬಂತು ಎಂದುಕೊ, ಅಷ್ಟೇ.

ನನ್ನ ಮಗಳು ವಿಜ್ಞಾನ ಕಲಿಸುವವಳಲ್ಲವೇ, ಆ ಸಂಜೆಯೇ ಅವಳು ಚಾರ್ಲ್ಸ್ ಡಾರ್ವಿನ್‌ನ ಮಗಳ ವಿಷಯವನ್ನೂ ಹೇಳಿದಳು. ಆನಿ ಎಂಬ ಆ ಹುಡುಗಿ 1851ರ ಏಪ್ರಿಲ್ 23ರಂದು ತೀರಿಕೊಂಡಾಗ ಅವಳಿಗೆ ಹತ್ತು ವರ್ಷ. ಒಂದು ವಾರದೊಳಗೆ ಆ ತಂದೆ ಕುಳಿತು ಅವಳ ಬಗ್ಗೆ ಕೆಲವು ಪುಟ ಬರೆದನಂತೆ. ಮುಂದೆ ತಾವು ಬದುಕಿದ್ದರೆ ಅವಳ ಗುಣಗಳು ಹೆಚ್ಚು ಸ್ಪಷ್ಟವಾಗಿ ನೆನಪಾಗಲಿ ಎಂದೇ ಬರೆಯುತ್ತಿದ್ದೇನೆಂದು ಅದರಲ್ಲೇ ಹೇಳಿದ್ದಾನಂತೆ. ಅವನು ಬರೆದದ್ದು ದೊಡ್ಡ ಸಂಗತಿಗಳನ್ನಲ್ಲ. ಅಪ್ಪನ ಕೂದಲನ್ನು ಚೆಂದ ಮಾಡುತ್ತೇನೆಂದು ಅರ್ಧ ಗಂಟೆ ಕುಳಿತು ಬಾಚುತ್ತಿದ್ದಳು, ವಾಕಿಂಗ್ ಹೋದಾಗ ಮುಂದೆ ಮುಂದೆ ಓಡಿ ಗಿರಗಿರನೆ ಸುತ್ತುತ್ತಿದ್ದಳು, ಇಂಥವು. ತಾಯಿ ಎಮ್ಮಾ ಅವಳ ಬರವಣಿಗೆಯ ಪೆಟ್ಟಿಗೆಯನ್ನು ಜೋಪಾನವಾಗಿ ಇಟ್ಟುಕೊಂಡಳು, ಅದು ಮರಿಮಕ್ಕಳ ಕಾಲಕ್ಕೂ ಉಳಿಯಿತು. ಇಪ್ಪತ್ತೈದು ವರ್ಷದ ಮೇಲೆ ಆತ್ಮಕಥೆ ಬರೆಯುವಾಗಲೂ ಅವಳನ್ನು ನೆನೆದರೆ ಕಣ್ಣು ತುಂಬುತ್ತದೆ ಎಂದು ಡಾರ್ವಿನ್ ಬರೆದಿದ್ದಾನೆ. ಅತ್ತನು, ಆದರೆ ಅವನಿಗೆ ಮಗಳು ಕಾಣುತ್ತಿದ್ದಳು. ನಾನು ಅಳುವಾಗ ನನಗೆ ಕಾಣುವುದು ಆ ಬೀರು.

ಈಗ ಒಂದು ವಿಷಯವನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮವರೇ ಕೂಡಿ ವಂಶವೃಕ್ಷವನ್ನು ಅಚ್ಚು ಹಾಕಿಸಿದರಲ್ಲ, ಅದರಲ್ಲಿ ನನ್ನ ಹೆಸರಿನ ಕೆಳಗೆ ಎರಡೇ ಗೆರೆಗಳಿವೆ. ನಾನು ಹೆತ್ತದ್ದು ಮೂವರನ್ನು. ಕೇಳಿದ್ದಕ್ಕೆ ‘ಇರುವವರನ್ನು ಮಾತ್ರ ಹಾಕಿದ್ದೇವೆ ದೊಡ್ಡಮ್ಮ’ ಎಂಬ ಉತ್ತರ ಬಂತು. ಹಾಗಾದರೆ ಮೇಲಿನ ಕೊಂಬೆಗಳಲ್ಲಿ ಕುಳಿತಿರುವ ಐದು ತಲೆಮಾರಿನವರೆಲ್ಲ ಇನ್ನೂ ಇದ್ದಾರೆಯೇ? ಮುಂದಿನ ಅಚ್ಚಿನಲ್ಲಿ ಸರಿಪಡಿಸುತ್ತೇವೆ ಎಂದರು, ಮುಂದಿನ ಅಚ್ಚು ಬರಲೇ ಇಲ್ಲ. ಮದುವೆ ಮುಂಜಿಗಳಲ್ಲಿ ಹೊಸಬರು ‘ನಿಮಗೆ ಎಷ್ಟು ಮಕ್ಕಳು’ ಎಂದಾಗ ನಾನು ಮೂವರು ಎನ್ನುತ್ತೇನೆ, ಪಕ್ಕದಲ್ಲಿದ್ದ ನಮ್ಮವರೇ ಯಾರಾದರೂ ತಕ್ಷಣ ‘ಇಬ್ಬರು’ ಎಂದು ತಿದ್ದುತ್ತಾರೆ. ‘ಇನ್ನೊಂದಾಗುತ್ತದೆ ಬಿಡು’ ಎಂದು ಅಂದು ನನಗೆ ಸಮಾಧಾನ ಹೇಳಿದ ಬಾಯಿಗಳೇ ಮೊನ್ನೆ ನಿನ್ನ ಅಕ್ಕನಿಗೂ ಅದೇ ಮಾತನ್ನು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ಮಗುವೇನು ಒಡೆದ ಲೋಟವೇ, ಇನ್ನೊಂದು ತಂದಿಡಲು? ಹೇಳಿದವರು ಈ ಗುಂಪಿನಲ್ಲಿಯೇ ಇದ್ದಾರೆ, ಓದಲಿ.

ಎಲ್ಲಿಗೋ ಹೋದೆ. ನೀನು ಕೇಳಿದ್ದು ಏನು ಮಾಡಬೇಕೆಂದು.

ಮೊದಲು ನೀನೊಬ್ಬಳೇ ಹೋಗಿ ಅಕ್ಕನನ್ನು ಕೇಳು: ಅಂದು ಎಲ್ಲರೂ ಬರಬೇಕೋ, ಬೇಡವೋ. ಬೇಡ ಎಂದರೆ ಯಾರೂ ಹೋಗಬಾರದು. ಅವಳ ಗಂಡನನ್ನೂ ಬೇರೆಯಾಗಿ ಕೇಳು, ಅವನನ್ನು ಯಾರೂ ಕೇಳಿಯೇ ಇಲ್ಲವೆಂದು ನನಗೆ ಗೊತ್ತು. ಅವರ ಹಳೆಯ ಮೊಬೈಲನ್ನು ವಿನಿಮಯಕ್ಕೆ ಕೊಡುವ ಯೋಚನೆಯಿದೆಯೆಂದು ಕೇಳಿದೆ. ಅದರಲ್ಲಿ ಮಗು ಕಳುಹಿಸಿದ ಧ್ವನಿಸಂದೇಶಗಳಿವೆ, ಅವುಗಳನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡುವ ತನಕ ಅದನ್ನು ಯಾರೂ ರೀಸೆಟ್ ಮಾಡಕೂಡದು; ಈ ಕೆಲಸವನ್ನು ಮೊಮ್ಮಗ ಮಾಡಿಕೊಡುತ್ತಾನಂತೆ. ಹುಟ್ಟುವ ಮೊದಲಿನ ಸ್ಕ್ಯಾನಿಂಗ್ ಚಿತ್ರ ಶಾಖದಿಂದ ಅಚ್ಚಾಗುವ ಕಾಗದದ್ದು, ಇಟ್ಟಲ್ಲಿಯೇ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಲು ಹೋದರೆ ಕಪ್ಪಾಗಿಬಿಡುತ್ತದೆ, ಆದ್ದರಿಂದ ಈಗಲೇ ಅದರ ಫೋಟೋ ತೆಗೆದಿಡಿ. ಕಾಗದದ ಫೋಟೋಗಳ ಹಿಂದೆ ಹೆಸರು, ತಾರೀಕುಗಳನ್ನು ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನದು ಮುಂದಕ್ಕೆ ಮೂಡುತ್ತದೆ. ಅವಳು ಕೊನೆಗೆ ತೊಟ್ಟು ಬಿಟ್ಟ ಅಂಗಿ ಇನ್ನೂ ಒಗೆಯದೆ ಇದ್ದರೆ, ಒಗೆಯಬೇಕೋ ಬೇಡವೋ ಎಂಬುದನ್ನು ತಾಯಿಯೇ ಹೇಳಲಿ.

ಚಿಕ್ಕವನಿಗೆ ‘ಸತ್ತುಹೋದಳು’ ಎಂಬ ಮಾತನ್ನೇ ಹೇಳಿ. ಅಕ್ಕನ ಮೈ ಕೆಲಸ ಮಾಡುವುದು ನಿಂತುಹೋಯಿತು, ಅವಳು ಮತ್ತೆ ಬರುವುದಿಲ್ಲ, ಇದು ಯಾರ ತಪ್ಪೂ ಅಲ್ಲ ಎಂದು ಹೇಳಿ. ನಾಳೆ ಮತ್ತೆ ಕೇಳುತ್ತಾನೆ. ಸಾವೆಂದರೆ ಮರಳಿ ಬಾರದಿರುವುದು ಎಂಬುದು ಬಹಳಷ್ಟು ಮಕ್ಕಳಿಗೆ ಅರ್ಥವಾಗುವುದು ಐದರಿಂದ ಏಳು ವರ್ಷದೊಳಗೆ. ಅಲ್ಲಿಯವರೆಗೆ ಅವನು ಕೇಳಿದಷ್ಟು ಬಾರಿಯೂ ಅದೇ ಉತ್ತರವನ್ನು ಕೊಡಿ. ಅವಳು ಹೋದಾಗ ಅವನಿಗೆ ಎರಡು ವರ್ಷ. ಮೂರು ವರ್ಷಕ್ಕೆ ಮೊದಲಿನದು ದೊಡ್ಡವರಾದ ಮೇಲೆ ಬಹುತೇಕ ಯಾರಿಗೂ ನೆನಪಿರುವುದಿಲ್ಲ. ಅವನಿಗೆ ಅಕ್ಕ ಇರುವುದಾದರೆ ನಾವು ಹೇಳಿದಷ್ಟೇ ಇರುತ್ತಾಳೆ.

ಆದ್ದರಿಂದ ಕೈಮುಗಿದ ಹದಿನಾಲ್ಕು ಮಂದಿಯೂ, ಉಳಿದವರೂ ಬರುವ ಭಾನುವಾರದೊಳಗೆ ಅವಳ ಬಗ್ಗೆ ಒಂದೊಂದು ಸಂಗತಿಯನ್ನು ಬರೆದು ನನ್ನ ಮಗಳಿಗೆ ಕಳುಹಿಸಿ. ‘ದೇವರಂಥ ಮಗು’ ಎಂದು ಬರೆಯಬೇಡಿ, ಅವಳು ಕಚ್ಚುತ್ತಿದ್ದಳು, ಅದನ್ನೂ ಬರೆಯಿರಿ. ಮಗಳು ಒಂದು ಪುಸ್ತಕದಲ್ಲಿ ದುಂಡಗೆ ಬರೆದು ಕೊಡುತ್ತಾಳೆ, ಯಾವಾಗ ಓದಬೇಕೆಂಬುದು ಆ ತಾಯಿತಂದೆಯರಿಗೆ ಬಿಟ್ಟದ್ದು.

ನನ್ನ ಪಾಲಿನದನ್ನು ಇಲ್ಲೇ ಬರೆಸಿಬಿಡುತ್ತೇನೆ. ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಅವಳು ಪ್ರತಿ ಬಾರಿಯೂ ಜೋರಾಗಿ ಎಣಿಸುತ್ತಿದ್ದಳು, ಹದಿನಾರಾದ ಮೇಲೆ ನೇರವಾಗಿ ಹದಿನೆಂಟಕ್ಕೆ ಹೋಗುತ್ತಿದ್ದಳು. ಯಾಕೆಂದು ಕೇಳಿದರೆ ‘ಹದಿನೇಳು ನನಗೆ ಇಷ್ಟವಿಲ್ಲ ಅಜ್ಜಿ’ ಎನ್ನುತ್ತಿದ್ದಳು. ಮೆಟ್ಟಿಲುಗಳು ಇರುವುದು ಹತ್ತೊಂಬತ್ತು. ಅವಳ ಲೆಕ್ಕದಲ್ಲಿ ಇಪ್ಪತ್ತು.