ಪದಚರ್ಚೆ: ಸ್ಪ್ಲಿಂಟ್‌ಗೆ ‘ದಬ್ಬೆ’ ಅಂದರೆ ನಡೆಯುತ್ತದಾ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನಿಂದ ಬರೆಯುತ್ತಿದ್ದೇನೆ. ಫಿಸಿಯೊಥೆರಪಿ ಮಾಡುವ ಗೆಳತಿಯೊಬ್ಬಳು ರೋಗಿಗಳ ಕೈಗೆ ಕೊಡಲು ಕನ್ನಡದಲ್ಲಿ ಒಂದು ಪುಟ ಬರೆದುಕೊಡು ಅಂದಳು. ಮಣಿಕಟ್ಟು ಮಡಚದಂತೆ ಹಿಡಿದಿಡುವ ಸ್ಪ್ಲಿಂಟ್, ಹಿಮ್ಮಡಿಗೆ ಹಾಕುವ ಸಾಧನ, ಇಂಥವುಗಳ ಬಗ್ಗೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಎರಡು ವಾರವಾಯಿತು, ಇನ್ನೂ ಹೆಸರುಗಳಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಇಲ್ಲಿ ಸೊಂಟಕ್ಕೆ, ಮೊಣಕಾಲಿಗೆ, ಕೈಗೆ ಏನೇ ಹಾಕಲಿ, ಎಲ್ಲವೂ ‘ಬೆಲ್ಟ್’. ಮೆಡಿಕಲ್ ಶಾಪಿನಲ್ಲೂ ಹಾಗೇ ಕೇಳುವುದು. ಸುಮ್ನೆ ಅದನ್ನೇ ಬರೆಯಬಹುದಿತ್ತು. ಆದರೆ ನನ್ನ ಚಿಕ್ಕಮ್ಮನ ಕಥೆ ಕೇಳಿ. ವರ್ಷಗಟ್ಟಲೆ ಬೀಡಿ ಕಟ್ಟಿದವರು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಕಿರುಬೆರಳಿಗೆ ಏನೂ ಇಲ್ಲ. ಕಾರ್ಪಲ್ ಟನಲ್ ಅಂದರು. ಮಣಿಕಟ್ಟಿನ ಇಕ್ಕಟ್ಟು ಸಂದಿಯಲ್ಲಿ ಹಾದುಹೋಗುವ ನರ ಅದುಮಿಕೊಳ್ಳುವುದು. ರಾತ್ರಿ ಹಾಕಿಕೊಂಡು ಮಲಗಲು ಬೆಲ್ಟ್ ಕೊಟ್ಟರು. ಬೆಲ್ಟ್ ಅಂದ ಮೇಲೆ ಬಿಗಿಯಬೇಕಲ್ವಾ? ಚಿಕ್ಕಮ್ಮ ಬೀಡಿಗೆ ನೂಲು ಸುತ್ತಿದ ಹಾಗೆ ಬಿಗಿದರು. ಜೋಮು ಜಾಸ್ತಿಯಾಯಿತು.

ಅದರ ಕೆಲಸ ಬಿಗಿಯುವುದಲ್ಲ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳದಂತೆ ನೆಟ್ಟಗೆ ಇಡುವುದು. ಅಂಗೈ ಕಡೆ ಒಳಗೊಂದು ಲೋಹದ ತಗಡು ಇರುತ್ತದಲ್ಲ, ಅದೇ ಮುಖ್ಯ. ವೆಲ್ಕ್ರೊ ಇರುವುದು ಜಾರದಿರಲಿ ಅಂತ ಮಾತ್ರ. ಇಂಥ ಸಾಧನಗಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ಆರ್ಥೋಟಿಕ್’ ಪದದ ಬೇರು ಗ್ರೀಕಿನ ‘ಆರ್ಥೋಸ್’. ಅದಕ್ಕೂ ನೆಟ್ಟಗೆ ಅಂತಲೇ ಅರ್ಥ.

ಹಾಗಾಗಿ ನನಗೆ ಹೊಳೆದದ್ದು ‘ದಬ್ಬೆ’. ಅಡಿಕೆ ದಬ್ಬೆ, ಬಿದಿರ ದಬ್ಬೆ ನಮಗೆ ಗೊತ್ತಿರುವುದೇ. ‘ಮಣಿಕಟ್ಟಿನ ದಬ್ಬೆ’ ಅಂತ ಬರೆದು ಚಿಕ್ಕಮ್ಮನಿಗೆ ಓದಿ ಹೇಳಿದೆ. “ನನ್ನ ಮೂಳೆ ಎಲ್ಲಿ ಮುರಿದಿದೆ ಮಾರಾಯ್ತಿ?” ಅಂದರು. ಸರಿ, ನಾಟಿ ವೈದ್ಯರು ಮೂಳೆ ಮುರಿದಾಗ ಕಟ್ಟುತ್ತಿದ್ದದ್ದು ದಬ್ಬೆಯೇ ತಾನೆ. ‘ಆಧಾರಪಟ್ಟಿ’ಗೆ ಸರಕಾರಿ ಸುತ್ತೋಲೆಯ ವಾಸನೆ, ಮೇಲಾಗಿ ಪಟ್ಟಿ ಅಂದರೆ ಮತ್ತೆ ಬಿಗಿತವೇ. ಸದ್ಯಕ್ಕೆ ಕ್ರಿಯಾಪದವನ್ನಾದರೂ ಬದಲಿಸಿದ್ದೇನೆ. ‘ಕಟ್ಟಿ’ ತೆಗೆದು ‘ತೊಡಿ’ ಅಂತ ಹಾಕಿದೆ, ಬಳೆ ತೊಡುವ ಹಾಗೆ.

ಕಾಲಿನ ಕಡೆ ಅಷ್ಟು ಕಷ್ಟವಿಲ್ಲ. ಬೆಳಿಗ್ಗೆ ಎದ್ದು ಇಡುವ ಮೊದಲ ನಾಲ್ಕು ಹೆಜ್ಜೆಗೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದ ಹಾಗಾಗಿ, ಓಡಾಡಿದ ಮೇಲೆ ಕಡಿಮೆಯಾಗುವ ನೋವು ಇದೆಯಲ್ಲ, ಅದಕ್ಕೆ ಕೊಡುವ ಇನ್‌ಸೋಲ್‌ಗೆ ‘ಒಳ ಅಟ್ಟೆ’ ಅಂದೆ. ಈ ಊರಿನ ಮಳೆಗಾಲದಲ್ಲಿ ಶೂ ಹಾಕುವವರು ಕಡಿಮೆ, ಅವರಿಗೆ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆಯ ರಬ್ಬರಿನದು. ಆ ಹೆಸರು ಎಲ್ಲರ ಬಾಯಲ್ಲಿದೆ, ಅದನ್ನು ಮುಟ್ಟುವುದಿಲ್ಲ. ತಕರಾರು ಇರುವುದು ‘ಆರ್ಚ್ ಸಪೋರ್ಟ್’ನಲ್ಲಿ, ಅಂದರೆ ಅಂಗಾಲಿನ ನಡುವೆ ನೆಲಕ್ಕೆ ತಾಗದ ಬಾಗಿಗೆ ಕೊಡುವ ಆಧಾರದಲ್ಲಿ. ಕಮಾನು ಅಂದರೆ ಜಾತ್ರೆಗೆ ರಸ್ತೆಯಲ್ಲಿ ಹಾಕುವ ಕಮಾನೇ ಕಣ್ಣಿಗೆ ಬರುತ್ತದೆ. ‘ಅಂಗಾಲಿನ ಗುಳಿ’ ಚೆನ್ನಾಗಿದೆ ಅನ್ನಿಸಿ ‘ಗುಳಿಗೆ ಆಧಾರ’ ಅಂತ ಬರೆದೆ. ಗೆಳತಿ ಓದಿ, “ಯಾವ ಗುಳಿಗೆ? ಮಾತ್ರೆಯಾ?” ಅಂದಳು!

ಈಗ ನನ್ನ ಪ್ರಶ್ನೆ. ಗೊನೆ ಬಿಟ್ಟ ಬಾಳೆ ವಾಲದಂತೆ ಕೊಡುವ ಕೋಲು ಇದೆಯಲ್ಲ, ಅದಕ್ಕೆ ನಿಮ್ಮ ಮನೆಗಳಲ್ಲಿ ಏನಂತೀರಿ? ಅದೂ ಬಿಗಿಯುವುದಿಲ್ಲ, ನೆಟ್ಟಗೆ ನಿಲ್ಲಿಸುತ್ತದೆ ಅಷ್ಟೆ. ಕುಂದಾಪುರ, ಕಾರ್ಕಳ, ಪುತ್ತೂರಿನ ಕಡೆಯವರು ದಯವಿಟ್ಟು ಹೇಳಿ. ಆ ಪದ ಕೈಗೂ ಹೊಂದುತ್ತದಾ ನೋಡೋಣ.