ಧಾನ್ಯ ಪರೀಕ್ಷಕರಿಗೆ ಪ್ರಶ್ನೆ: ಅಗ್ಗದ ಗೋಧಿಯೋ, ಒಳ್ಳೆಯ ಗೋಧಿಯೋ?

ವಿದ್ಯಾರ್ಥಿ: ಸರ್, ಗೋಧಿ ತರಿಸುವ ದೇಶಗಳು ಟೆಂಡರಿನಲ್ಲಿ ಕಡಿಮೆ ದರ ಹೇಳಿದವರಿಗೇ ಕೊಡುವುದಲ್ಲವೇ?

ಪರೀಕ್ಷಕ: ದರಕ್ಕೆ ಹಡಗಿನ ಬಾಡಿಗೆ ಸೇರಿಸಿ. ತೇವಾಂಶವನ್ನೂ ನೋಡಿ. ಶೇ 13ರಷ್ಟಿದ್ದರೆ ಟನ್ನಿನಲ್ಲಿ ಒಣ ಅಂಶ 870 ಕಿಲೋ, ಶೇ 11ರಷ್ಟಿದ್ದರೆ 890. ಮಿಕ್ಕದ್ದು ನೀರು, ಅದಕ್ಕೂ ದುಡ್ಡು ತೆರಬೇಕು.

ಬೇಕರಿಯವರು: ಪ್ರೋಟೀನ್ ಹೆಚ್ಚಿದ್ದರೆ ಒಳ್ಳೆಯ ಗೋಧಿ, ಅಷ್ಟೇ ತಾನೇ?

ಪರೀಕ್ಷಕ: ಬ್ರೆಡ್ಡಿಗೆ ಸರಿ, ಬಿಸ್ಕತ್ತಿಗಲ್ಲ. ಜಪಾನ್ ಉಡಾನ್ ಶಾವಿಗೆಗೆ ಆಸ್ಟ್ರೇಲಿಯಾದ್ದು, ಬ್ರೆಡ್ಡಿಗೆ ಕೆನಡಾದ್ದು ಎಂದು ಬೇರೆ ಬೇರೆಯಾಗಿ ತರಿಸುತ್ತದೆ.

ಓದುಗ: 2016ರಲ್ಲಿ ಈಜಿಪ್ಟ್ ಎರ್ಗಾಟ್ ಇರುವ ಗೋಧಿ ಬೇಡವೆಂದು ಹಠ ಹಿಡಿದು, ಮತ್ತೆ ಒಪ್ಪಿಕೊಂಡದ್ದೇಕೆ?

ಪರೀಕ್ಷಕ: ನನ್ನನ್ನು ಇಂದಿಗೂ ಕಾಡುವ ಪ್ರಕರಣ ಅದು. ಎರ್ಗಾಟ್ ಒಂದು ಶಿಲೀಂಧ್ರ. ತೆನೆಯಲ್ಲಿ ಕಾಳಿರಬೇಕಾದ ಜಾಗದಲ್ಲಿ ಕಪ್ಪು ಕೊಂಬಿನಂಥದ್ದು ಬೆಳೆಯುತ್ತದೆ. ತಟ್ಟೆಯ ಮೇಲೆ ಹರಡಿದರೆ ಇಲಿಯ ಹಿಕ್ಕೆಯೇನೋ ಎನ್ನಿಸುತ್ತದೆ. ವಿಷವೇ, ಸುಳ್ಳಲ್ಲ. ಆದರೆ ವ್ಯಾಪಾರದಲ್ಲಿ ಒಪ್ಪಿತವಾಗಿದ್ದ ಮಿತಿ ಶೇ 0.05, ಅಂದರೆ ಟನ್ನಿಗೆ ಅರ್ಧ ಕಿಲೋ. ಈಜಿಪ್ಟ್ ಸೊನ್ನೆ ಎಂದಿತು. ಸಾವಿರಾರು ಟನ್ನಿನ ಹಡಗಿನಲ್ಲಿ ಒಂದು ಚೂರೂ ಇಲ್ಲವೆಂದು ಬರೆದುಕೊಡಲು ನನ್ನಿಂದಾಗದು, ಯಾರಿಂದಲೂ ಆಗದು. ಹಡಗು ತಿರಸ್ಕೃತವಾಗುವ ಭಯಕ್ಕೆ ಮಾರಾಟಗಾರ ಮೊದಲು ದರ ಏರಿಸುತ್ತಾನೆ, ಆಮೇಲೆ ಟೆಂಡರಿನ ಕಡೆ ತಲೆಯೇ ಹಾಕುವುದಿಲ್ಲ. ಆದದ್ದೂ ಅದೇ. ಜತೆಗೆ ಗೋಧಿ ಮಾರುವ ರಷ್ಯಾ ಈಜಿಪ್ಟಿನ ಹಣ್ಣು, ತರಕಾರಿಗೆ ತಡೆ ಘೋಷಿಸಿತು. ಈಜಿಪ್ಟೋ, ಸಬ್ಸಿಡಿ ರೊಟ್ಟಿಯನ್ನು ನಂಬಿದ ಕೋಟ್ಯಂತರ ಜನರಿರುವ ದೇಶ. ಸೆಪ್ಟೆಂಬರಿನಲ್ಲೇ ಹಳೆಯ ಮಿತಿಗೆ ಮರಳಿತು.

ಹಿರಿಯ ಸದಸ್ಯ: ಗೋಧಿಯನ್ನು ಮೂರು ದಿನ ಬಿಸಿಲಿಗೆ ಹಾಕಿದರೆ ಎರ್ಗಾಟ್ ವಿಷ ಹೋಗುತ್ತದೆಯಂತೆ. ಎಲ್ಲರಿಗೂ ಕಳುಹಿಸಿ.

ಪರೀಕ್ಷಕ: ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಬಿಸಿಲಿಗೆ ತೇವ ಆರುತ್ತದೆ, ಕೊಂಬು ಅಲ್ಲೇ ಇರುತ್ತದೆ. ಅದನ್ನು ಆರಿಸಿ ತೆಗೆಯಬೇಕು.

ಓದುಗ: ಅಂದರೆ ಬಡವರಿಗೆ ಕಸವೇ ಗತಿ.

ಬೇಕರಿಯವರು: ಅರ್ಧ ಕಿಲೋ ಲೆಕ್ಕ ಓದಿದಿರಾ? ಕಸ ಎನ್ನುವುದು ಸುಲಭ. ರೊಟ್ಟಿಯೇ ಇಲ್ಲದಿದ್ದರೆ?

ಓದುಗ: ಮಾರುವವರ ಪರ ವಕಾಲತ್ತು ಬೇಡ.

ಬೇಕರಿಯವರು: ನಾನು ಕೊಳ್ಳುವವನು ಸ್ವಾಮೀ. ಓದಿ ಮಾತನಾಡಿ.

ಹಿರಿಯ ಸದಸ್ಯ: ಬಿಸಿಲಿನ ವಿಷಯ ನಮ್ಮ ಅಜ್ಜಿಯೂ ಹೇಳುತ್ತಿದ್ದರು.

ಹೊಸ ಸದಸ್ಯೆ: ಮೆಕ್ಕೆಜೋಳಕ್ಕೂ ಇದೇ ಲೆಕ್ಕವೇ ಸರ್?

ಇನ್ನೊಬ್ಬರು: ಹಾಗಾದರೆ ಕಡಿಮೆ ದರದವರಿಗೇ ಕೊಡುವುದಲ್ಲವೇ?

ಪರೀಕ್ಷಕ: ಮೇಲೆ ಬರೆದಿದ್ದೇನೆ.